ಸೇವೆಯ ಹೆಸರಿನ ಪ್ರವಾಸ

ಕಾಲೇಜುಗಳಿಗೆ ಬೇಸಿಗೆಯ ರಜೆ ಸಮೀಪಿಸಿತೆಂದರೆ ದಿಲ್ಲಿಯ ವಿದ್ಯಾರ್ಥಿಗಳ ಮುಂದೆ ಹೊಸ ಬಗೆಯ ಆಮಂತ್ರಣಗಳು ಬಂದು ಬೀಳತೊಡಗುತ್ತವೆ. ಇಂಡೋನೇಷ್ಯದ ಶಾಲೆಯೊಂದರಲ್ಲಿ ಮೂರು ವಾರ ಇಂಗ್ಲಿಷ್ ಕಲಿಸಿರಿ. ಕಾಂಬೋಡಿಯದ ಅನಾಥಾಲಯದಲ್ಲಿ ಮಕ್ಕಳೊಡನೆ ಆಡಿರಿ. ಆಫ್ರಿಕದ ಹಳ್ಳಿಯೊಂದರಲ್ಲಿ ಶಾಲೆಯ ಗೋಡೆಗೆ ಸುಣ್ಣ ಬಳಿಯಿರಿ. ಭಾನುವಾರಗಳಂದು ಸಮುದ್ರತೀರ, ದೇವಾಲಯ, ಕಾಡುಗಳನ್ನು ನೋಡಿರಿ. ಕೊನೆಯಲ್ಲಿ ಪ್ರಮಾಣಪತ್ರವನ್ನು ಪಡೆಯಿರಿ. ಇವೆಲ್ಲಕ್ಕೂ ಒಂದು ಶುಲ್ಕವುಂಟು. ವಿಮಾನದ ಟಿಕೆಟು, ವೀಸಾ, ವಿಮೆ ಇವುಗಳ ವೆಚ್ಚ ಬೇರೆ. ಇದಕ್ಕೆ ಕೊಟ್ಟಿರುವ ಹೆಸರು ಅಂತರರಾಷ್ಟ್ರೀಯ ಸ್ವಯಂಸೇವೆ.

ಉತ್ತರ ದಿಲ್ಲಿಯ ವಿಶ್ವವಿದ್ಯಾಲಯದ ಆವರಣದಿಂದ ಹಿಡಿದು ನೋಯ್ಡಾ, ಗುರುಗ್ರಾಮ, ಸೋನೀಪತ್‌ಗಳ ಹೊಸ ವಿಶ್ವವಿದ್ಯಾಲಯಗಳವರೆಗೆ ಈಗ ನಮ್ಮ ಕನ್ನಡಿಗರ ಮಕ್ಕಳು ಓದುತ್ತಿದ್ದಾರೆ. ಇವರಲ್ಲಿ ಅಧಿಕಾರಿಗಳ ಮಕ್ಕಳಿದ್ದಾರೆ. ಹಾಗೆಯೇ ಹೋಟೆಲಿನ ಅಡುಗೆಯವರ, ಕ್ಯಾಂಟೀನಿನ ನೌಕರರ, ಕಛೇರಿಯ ಗುಮಾಸ್ತರ ಮಕ್ಕಳೂ ಇದ್ದಾರೆ. ಎಷ್ಟೋ ಮನೆಗಳಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯ ತಲೆಮಾರು ಇದು. ಸಹಪಾಠಿಗಳು ಹೊರಟಿದ್ದಾರೆಂದು ಮಗನೋ ಮಗಳೋ ಬಂದು ಹೇಳಿದಾಗ, ಅದರಲ್ಲೂ 'ಸೇವೆ' ಎಂಬ ಮಾತು ಕೇಳಿಬಂದಾಗ, ತಂದೆತಾಯಂದಿರ ಮನಸ್ಸು ಕರಗುವುದು ಸಹಜ. ಬೇಡವೆಂದರೆ ಒಳ್ಳೆಯ ಕೆಲಸಕ್ಕೆ ಅಡ್ಡಬಂದಂತಾಗುವುದೋ ಎಂಬ ಅಳುಕು. ಹೂಂ ಎಂದರೆ ಸಾಲ. ಆದುದರಿಂದ ಈ ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನು ಬಿಚ್ಚಿ ಹೇಳುವುದು ಪತ್ರಿಕೆಯ ಕರ್ತವ್ಯವೆಂದು ಭಾವಿಸುತ್ತೇವೆ.

ಈ ಪದ್ಧತಿಯ ಮೂಲವನ್ನು ನೋಡಿದರೆ ಅದು ವ್ಯಾಪಾರದಿಂದ ಹುಟ್ಟಿದ್ದಲ್ಲ. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ, ೧೯೨೦ರಲ್ಲಿ, ಸ್ವಿಟ್ಜರ್ಲೆಂಡಿನ ಪಿಯೆರ್ ಸೆರೆಸೋಲ್ ಎಂಬ ಇಂಜಿನಿಯರರು ಫ್ರಾನ್ಸಿನ ವರ್ಡನ್ ಸಮೀಪದಲ್ಲಿ ಯುದ್ಧದಿಂದ ನೆಲಸಮವಾಗಿದ್ದ ಎಸ್ನ್ ಎಂಬ ಹಳ್ಳಿಗೆ ಕೆಲವು ಸಂಗಡಿಗರೊಡನೆ ಹೋದರು. ಮುರಿದ ಮನೆಗಳ ಕಲ್ಲುಮಣ್ಣನ್ನು ಹೊತ್ತು ಹಾಕಿ ಹಳ್ಳಿಯನ್ನು ಮತ್ತೆ ಕಟ್ಟಲು ನೆರವಾಗುವುದು ಅವರ ಉದ್ದೇಶ. ಆ ಗುಂಪಿನಲ್ಲಿ ಜರ್ಮನರೂ ಇದ್ದರು. ತಮ್ಮ ದೇಶದ ಸೈನ್ಯ ಹಾಳುಮಾಡಿದುದನ್ನು ತಮ್ಮ ಕೈಯಿಂದಲೇ ಸರಿಪಡಿಸಬೇಕೆಂಬುದು ಅವರ ಹಂಬಲವಾಗಿತ್ತು. ಸುತ್ತಣ ಜನ ಅದನ್ನು ಸುಲಭವಾಗಿ ಒಪ್ಪಲಿಲ್ಲ. ಕೆಲವು ತಿಂಗಳಲ್ಲೇ ಆ ಶಿಬಿರ ಮುಗಿಯಿತು. ಆದರೆ ಅಲ್ಲಿಂದ ಹುಟ್ಟಿದ ಸಂಸ್ಥೆ, ಸರ್ವಿಸ್ ಸಿವಿಲ್ ಇಂಟರ್‌ನ್ಯಾಷನಲ್, ಒಂದು ಶತಮಾನ ಕಳೆದ ಮೇಲೂ ಬದುಕಿದೆ.

ಅದೇ ಸೆರೆಸೋಲರು ಭಾರತಕ್ಕೂ ಬಂದರೆಂಬುದನ್ನು ನಮ್ಮಲ್ಲಿ ಬಹಳ ಮಂದಿ ಅರಿಯರು. ೧೯೩೪ರ ಜನವರಿ ೧೫ರಂದು ಬಿಹಾರದಲ್ಲಿ ಘೋರ ಭೂಕಂಪವಾಯಿತು. ಬಾಬು ರಾಜೇಂದ್ರ ಪ್ರಸಾದರು ಪರಿಹಾರಕಾರ್ಯದ ಮುಂದಾಳುಗಳಾಗಿದ್ದರು. ಸೆರೆಸೋಲರು ಮೊದಲು ತಾವೊಬ್ಬರೇ ಬಂದು ಸ್ಥಳವನ್ನು ನೋಡಿದರು. ಏನು ಬೇಕೆಂಬುದನ್ನು ಅಲ್ಲಿಯವರಿಂದಲೇ ಕೇಳಿ ತಿಳಿದರು. ಅನಂತರ ಕೆಲವೇ ಸಂಗಡಿಗರೊಡನೆ ಮರಳಿ ಬಂದು ಮುಜಫರಪುರದ ಕಡೆಯ ಹಳ್ಳಿಗಳ ಪುನರ್ನಿರ್ಮಾಣದಲ್ಲಿ ಊರವರ ಜೊತೆ ದುಡಿದರು. ಈ ಕೆಲಸ ೧೯೩೭ರವರೆಗೆ ನಡೆಯಿತು. ಬಂದವರು ಬೆರಳೆಣಿಕೆಯ ಮಂದಿ, ಕಳೆದದ್ದು ವರ್ಷಗಳು. ಈ ಅಳತೆಯನ್ನು ವಾಚಕರು ಮನಸ್ಸಿನಲ್ಲಿಡಬೇಕು.

ನಮ್ಮ ದೇಶದಿಂದ ಹೊರಗೆ ಹೋದವರ ಉದಾಹರಣೆಯೂ ಇದೆ. ಸೊಲ್ಲಾಪುರದಲ್ಲಿ ಕನ್ನಡದ ಮಾತು ಇಂದಿಗೂ ಬೀದಿಬೀದಿಯಲ್ಲಿ ಕೇಳಿಸುತ್ತದೆ. ಆ ಊರಿನಲ್ಲಿ ಹುಟ್ಟಿದ ಡಾಕ್ಟರ್ ದ್ವಾರಕಾನಾಥ ಕೋಟ್ನಿಸರು ೧೯೩೮ರಲ್ಲಿ ಐವರು ವೈದ್ಯರ ತಂಡದೊಡನೆ ಚೀನಕ್ಕೆ ಹೋದರು. ಆಗ ಅವರಿಗೆ ಇಪ್ಪತ್ತೇಳು ವರ್ಷ. ಚೀನದ ಸೇನಾನಿ ಜೂ ದೆ ಅವರು ವೈದ್ಯರನ್ನು ಕಳಿಸಿಕೊಡಿರೆಂದು ಪಂಡಿತ ನೆಹರೂ ಅವರನ್ನು ಕೇಳಿಕೊಂಡಿದ್ದರು; ಕಾಂಗ್ರೆಸ್ಸು ತಂಡವನ್ನು ಕಳಿಸಿತು. ಉಳಿದವರು ಹಿಂದಿರುಗಿದರೂ ಕೋಟ್ನಿಸರು ಅಲ್ಲಿಯೇ ನಿಂತರು, ಚೀನೀ ಭಾಷೆಯನ್ನು ಕಲಿತರು, ಆಸ್ಪತ್ರೆಯೊಂದರ ಮುಖ್ಯಸ್ಥರಾದರು, ೧೯೪೨ರ ಡಿಸೆಂಬರ್ ೯ರಂದು, ಮೂವತ್ತೆರಡನೆಯ ವಯಸ್ಸಿನಲ್ಲಿ, ಅಲ್ಲಿಯೇ ತೀರಿಕೊಂಡರು. ಚೀನದ ಜನ ಅವರನ್ನು ಇನ್ನೂ ನೆನೆಯುತ್ತಾರೆ. ಹೊರಗಿನಿಂದ ಇಲ್ಲಿಗೆ ಬಂದವರಲ್ಲಿ ಶ್ರೀಮತಿ ಲಿಲಿಯನ್ ಕಾರ್ಟರರನ್ನು ಹೆಸರಿಸಬಹುದು. ಮುಂದೆ ಅಮೆರಿಕದ ಅಧ್ಯಕ್ಷರಾದ ಜಿಮ್ಮಿ ಕಾರ್ಟರರ ತಾಯಿ ಅವರು. ವೃತ್ತಿಯಿಂದ ದಾದಿ. ಅರವತ್ತೆಂಟನೆಯ ವಯಸ್ಸಿನಲ್ಲಿ, ೧೯೬೬ರಲ್ಲಿ, ಅಮೆರಿಕದ ಶಾಂತಿದಳದ ಸ್ವಯಂಸೇವಕಿಯಾಗಿ ಮುಂಬಯಿಯ ಹೊರವಲಯದ ವಿಕ್ರೋಲಿಗೆ ಬಂದು ಸುಮಾರು ಎರಡು ವರ್ಷ ಅಲ್ಲಿಯ ಆರೋಗ್ಯ ಕೇಂದ್ರದಲ್ಲಿ ದುಡಿದರು.

ಈ ಮೂರು ಸಂದರ್ಭಗಳಲ್ಲಿಯೂ ಕೆಲವು ಅಂಶಗಳು ಸಮಾನವಾಗಿವೆ. ಹೋದ ಕಡೆ ಮಾಡಬೇಕಾದ ಕೆಲಸವೊಂದು ನಿಜವಾಗಿ ಇತ್ತು. ಹೋದವರು ಆ ಕೆಲಸವನ್ನು ಬಲ್ಲವರಾಗಿದ್ದರು, ಇಲ್ಲವೆ ಊರವರ ಜೊತೆ ಕಲ್ಲು ಹೊರಲು ಸಿದ್ಧರಾಗಿದ್ದರು. ಕೆಲಸಕ್ಕೆ ಬೇಕಾದಷ್ಟು ಕಾಲ ಅವರು ಅಲ್ಲಿ ನಿಂತರು. ಇದು ಸೇವೆ ಎಂಬುದರಲ್ಲಿ ಯಾರಿಗೂ ಸಂದೇಹವಿರಲಾರದು.

ಈಗ ನಮ್ಮ ಮಕ್ಕಳ ಮುಂದೆ ಬರುತ್ತಿರುವ ಆಮಂತ್ರಣಗಳನ್ನು ಇದರ ಪಕ್ಕದಲ್ಲಿಟ್ಟು ನೋಡೋಣ. ಈ ಲೇಖಕ ಎಸ್ಸೆಸ್ಸೆಲ್ಸಿಯ ಆಚೆಗೆ ಓದಿದವನಲ್ಲ. ಆದರೆ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು ಕಲಿತ ಪಾಠವೊಂದುಂಟು. ಹೋಟೆಲಿನೊಳಗೆ ಬರುವವರು ಎರಡು ವಿಧ. ಕೆಲಸಕ್ಕೆ ಬರುವವನಿಗೆ ನಾವು ಹಣ ಕೊಡುತ್ತೇವೆ. ಉಣ್ಣಲು ಬರುವವನು ನಮಗೆ ಹಣ ಕೊಡುತ್ತಾನೆ. ಕೆಲಸಕ್ಕೆ ಬಂದವನನ್ನು 'ನಿನಗೆ ಏನು ಬರುತ್ತದೆ' ಎಂದು ಕೇಳುತ್ತೇವೆ. ಉಣ್ಣಲು ಬಂದವರನ್ನು 'ತಮಗೆ ಏನು ಬೇಕು' ಎಂದು ಕೇಳುತ್ತೇವೆ. ಹಣ ಕೊಡುವವನೇ ಗಿರಾಕಿ. ಅವನಿಗೆ ಬೇಸರವಾಗದಂತೆ, ಅವನು ತೃಪ್ತನಾಗಿ ಹೋಗುವಂತೆ ನೋಡಿಕೊಳ್ಳುವುದು ಹೋಟೆಲಿನವನ ಧರ್ಮ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಗಿರಾಕಿಯೊಬ್ಬನು ಅಡುಗೆಮನೆಗೆ ಬಂದು ಅರ್ಧ ಗಂಟೆ ದೋಸೆ ಹುಯ್ದು, ಭಾವಚಿತ್ರ ತೆಗೆಸಿಕೊಂಡು, 'ನಿಮ್ಮ ಹೋಟೆಲಿಗೆ ಸೇವೆ ಸಲ್ಲಿಸಿದೆ' ಎಂದರೆ ಭಟ್ಟರು ನಗುತ್ತಾರೆ. ಅವನು ಹೋದ ಮೇಲೆ ಕಾವಲಿಯನ್ನು ಒರೆಸಿ ಮತ್ತೆ ಹದಕ್ಕೆ ತರಬೇಕಾದವರು ಅವರೇ.

ಶುಲ್ಕ ಪಡೆದು ವಿದ್ಯಾರ್ಥಿಗಳನ್ನು ಎರಡು ಮೂರು ವಾರಗಳ ಮಟ್ಟಿಗೆ ಪರದೇಶಕ್ಕೆ ಕಳಿಸುವ ವ್ಯವಸ್ಥೆಯಲ್ಲಿ ಗಿರಾಕಿ ಯಾರು? ಹಣ ಕೊಟ್ಟ ವಿದ್ಯಾರ್ಥಿ. ಹಾಗಾದರೆ ಅಲ್ಲಿಯ ಶಾಲೆಯ ಮಕ್ಕಳು, ಹಳ್ಳಿಯ ಜನ, ಅನಾಥಾಲಯದ ಕೂಸುಗಳು ಏನಾದರು? ಅವರು ಗಿರಾಕಿಯ ಮುಂದೆ ಬಡಿಸಿಟ್ಟ ಎಲೆಯಾದರು. ಈ ಮಾತು ಕಠೋರವೆಂದು ತೋರಬಹುದು. ಆದರೆ ನಡೆದ ಸಂಗತಿಗಳು ಇದಕ್ಕಿಂತ ಕಠೋರವಾಗಿವೆ.

ಕಾಂಬೋಡಿಯ ದೇಶದಲ್ಲಿ ೨೦೦೫ರಿಂದ ೨೦೧೦ರವರೆಗಿನ ಐದು ವರ್ಷಗಳಲ್ಲಿ ಅನಾಥಾಲಯಗಳ ಸಂಖ್ಯೆ ನೂರಕ್ಕೆ ೭೫ರಷ್ಟು ಹೆಚ್ಚಿತು. ಆ ಅವಧಿಯಲ್ಲಿ ಅಲ್ಲಿ ಯುದ್ಧವಿರಲಿಲ್ಲ. ಆದರೆ ಪ್ರವಾಸಿಗಳ ಸಂಖ್ಯೆ ಏರುತ್ತಿತ್ತು. ಆ ಮಕ್ಕಳಲ್ಲಿ ಸುಮಾರು ಮುಕ್ಕಾಲು ಪಾಲಿನವರಿಗೆ ತಂದೆಯೋ ತಾಯಿಯೋ ಬದುಕಿದ್ದರೆಂಬುದನ್ನು ವಿಶ್ವಸಂಸ್ಥೆಯ ಮಕ್ಕಳ ನಿಧಿಯಾದ ಯುನಿಸೆಫ್ ಬಯಲಿಗೆ ತಂದಿತು. ನೋಡಿ ಮರುಗಿ ಹಣ ಕೊಡುವವರು ಬರುತ್ತಾರೆಂದಾದಾಗ ಅನಾಥರನ್ನು ಒದಗಿಸುವವರೂ ಹುಟ್ಟಿಕೊಂಡರು. ಬಡವರ ಮಕ್ಕಳನ್ನು ಓದಿಸುತ್ತೇವೆಂದು ಹೇಳಿ ಹಳ್ಳಿಯಿಂದ ಕರೆತಂದು ಅನಾಥರೆಂದು ತೋರಿಸುವ ಈ ಕೆಟ್ಟ ವ್ಯಾಪಾರ ನೆರೆಯ ನೇಪಾಳದಲ್ಲಿಯೂ ನಡೆದಿದೆ. ೨೦೧೫ರ ಏಪ್ರಿಲ್ ಭೂಕಂಪವಾದ ಮೇಲೆ, ತಂದೆತಾಯಿಗಳಾಗಲಿ ಪೋಷಕರಾಗಲಿ ಜೊತೆಯಲ್ಲಿಲ್ಲದ ಮಕ್ಕಳನ್ನು ಜಿಲ್ಲೆಯಿಂದ ಹೊರಗೆ ಒಯ್ಯದಂತೆ ಆ ಸರಕಾರ ಕಟ್ಟುಪಾಡು ಮಾಡಬೇಕಾಯಿತು. ೨೦೧೮ರಲ್ಲಿ ಆಸ್ಟ್ರೇಲಿಯ ತನ್ನ ಆಧುನಿಕ ಗುಲಾಮಗಿರಿಯ ಕಾಯಿದೆಯನ್ನು ಮಾಡುವಾಗ ಅನಾಥಾಲಯಗಳಿಗಾಗಿ ಮಕ್ಕಳನ್ನು ಸಾಗಿಸುವುದನ್ನೂ ಗುಲಾಮಗಿರಿಯ ಒಂದು ರೂಪವೆಂದು ಪರಿಗಣಿಸಿತು. ೨೦೧೯ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯೂ ಮಕ್ಕಳ ಹಕ್ಕುಗಳನ್ನು ಕುರಿತ ತನ್ನ ನಿರ್ಣಯದಲ್ಲಿ ಅನಾಥಾಲಯಗಳ ಸ್ವಯಂಸೇವಾ ಪ್ರವಾಸದ ಅಪಾಯವನ್ನು ಎತ್ತಿ ಹೇಳಿತು. ಹೋದ ವಿದ್ಯಾರ್ಥಿಯ ಹೃದಯ ನಿರ್ಮಲವಾಗಿರಬಹುದು. ಆದರೆ ಅವನು ಕೊಟ್ಟ ಹಣ ಯಾವುದೋ ತಾಯಿಯಿಂದ ಮಗುವನ್ನು ಅಗಲಿಸುವುದಕ್ಕೆ ಕಾರಣವಾಗಿದ್ದರೆ, ಆ ನಿರ್ಮಲತೆಯಿಂದ ಮಗುವಿಗೆ ಏನು ಸಮಾಧಾನ?

ಅನಾಥಾಲಯಗಳ ಮಾತು ಹಾಗಿರಲಿ. ಪಾಠ ಹೇಳುವ ಕೆಲಸವನ್ನೇ ತೆಗೆದುಕೊಳ್ಳೋಣ. ಲೋದಿ ಎಸ್ಟೇಟಿನ ನಮ್ಮ ದಿಲ್ಲಿ ಕನ್ನಡ ಶಾಲೆಗೆ ಯಾವುದೋ ದೇಶದ ಹತ್ತೊಂಬತ್ತು ವರ್ಷದ ವಿದ್ಯಾರ್ಥಿಯೊಬ್ಬನು ಬಂದು, 'ಎರಡು ವಾರ ನಿಮ್ಮ ಮೂರನೆಯ ತರಗತಿಗೆ ನಾನೇ ಪಾಠ ಹೇಳುತ್ತೇನೆ' ಎಂದರೆ ನಾವು ಒಪ್ಪುವೆವೇ? ನಮ್ಮ ಮಕ್ಕಳಿಗೆ ಕಲಿಸುವವರು ಶಿಕ್ಷಕ ತರಬೇತಿ ಪಡೆದಿರಬೇಕು, ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು ಎಂದು ನಿಯಮವಿದೆ. ಅಂಥ ತರಬೇತಿಯಿಲ್ಲದ ನಮ್ಮ ಹುಡುಗ ಇಂಡೋನೇಷ್ಯದ ಮಕ್ಕಳಿಗೆ ಹೇಗೆ ಗುರುವಾದಾನು? ಅವರ ಭಾಷೆ ಅವನಿಗೆ ಬಾರದು. ಅವನು ಹೊರಟುಹೋದ ಸೋಮವಾರ ಇನ್ನೊಬ್ಬನು ಬಂದು ಮೊದಲಿನಿಂದ ಅದೇ ಅಕ್ಷರಮಾಲೆಯನ್ನು ಹಾಡಿಸುತ್ತಾನೆ. ಸಫ್ದರ್‌ಜಂಗ್ ಆಸ್ಪತ್ರೆಯಲ್ಲಿ ಹಿರಿಯರ ಕಣ್ಗಾವಲಿಲ್ಲದೆ ರೋಗಿಯನ್ನು ಮುಟ್ಟಬಾರದ ವೈದ್ಯ ವಿದ್ಯಾರ್ಥಿಗೆ ಬಡದೇಶದ ಚಿಕಿತ್ಸಾಲಯದಲ್ಲಿ ಆ ಸ್ವಾತಂತ್ರ್ಯ ಸಿಕ್ಕುವುದಾದರೆ, ಅದು ಅವನ ಭಾಗ್ಯವಲ್ಲ, ಆ ರೋಗಿಯ ದೌರ್ಭಾಗ್ಯ. ನಮ್ಮ ಮನೆಯ ಮಗುವಿಗೆ ಸಲ್ಲದ್ದು ಪರರ ಮನೆಯ ಮಗುವಿಗೆ ಸಲ್ಲುವುದೆಂಬ ನ್ಯಾಯ ಯಾವ ಶಾಸ್ತ್ರದಲ್ಲಿಯೂ ಇಲ್ಲ.

ಕಾನೂನಿನ ತೊಡಕೂ ಒಂದುಂಟು. ಪ್ರವಾಸಿ ವೀಸಾ ಪಡೆದು ಹೋಗಿ ಸ್ವಯಂಸೇವೆ ಮಾಡುವುದಕ್ಕೆ ಎಲ್ಲ ದೇಶಗಳಲ್ಲಿ ಅನುಮತಿಯಿಲ್ಲ. ನೇಪಾಳ ವಿದೇಶೀಯರಿಗೆ ಅದನ್ನು ನಿಷೇಧಿಸಿದೆ. ಬ್ರಿಟನ್ನಿನಲ್ಲಿ ಸಂದರ್ಶಕರ ವೀಸಾದ ಮೇಲೆ ಹೋದವರು ನೋಂದಾಯಿತ ಧರ್ಮಸಂಸ್ಥೆಯಲ್ಲಿ ಮೂವತ್ತು ದಿನಗಳವರೆಗೆ ಮಾತ್ರ ಹಾಗೆ ದುಡಿಯಬಹುದು. ಸಂಬಳವಿಲ್ಲದ ಕೆಲಸವೂ ಕಾನೂನಿನ ಕಣ್ಣಿಗೆ ಕೆಲಸವಾಗಬಹುದು. 'ವಿಮಾನನಿಲ್ದಾಣದಲ್ಲಿ ಕೇಳಿದರೆ ಪ್ರವಾಸಕ್ಕೆ ಬಂದೆನೆಂದು ಹೇಳಿ' ಎಂದು ಕಲಿಸಿಕೊಡುವವರ ಸೇವೆ ಸುಳ್ಳಿನಿಂದಲೇ ಆರಂಭವಾಗುತ್ತದೆ. ಸಿಕ್ಕಿಬಿದ್ದಾಗ ದಂಡ ತೆರುವವನು, ದೇಶದಿಂದ ಹೊರಹಾಕಿಸಿಕೊಳ್ಳುವವನು ವಿದ್ಯಾರ್ಥಿಯೇ ಹೊರತು ಕಳಿಸಿದವನಲ್ಲ.

ಇಲ್ಲಿಯ ಕ್ಯಾಂಟೀನೊಂದರಲ್ಲಿ ಹದಿನೆಂಟು ವರ್ಷಗಳಿಂದ ದುಡಿಯುತ್ತಿರುವ ಕುಂದಾಪುರದ ಕಡೆಯ ಹಿರಿಯರೊಬ್ಬರು ಕೆಲವು ದಿನಗಳ ಹಿಂದೆ ನಮ್ಮ ಕಛೇರಿಗೆ ಬಂದಿದ್ದರು. ಮಗಳ ಮೂರು ವಾರಗಳ ಇಂಥ ಪ್ರವಾಸಕ್ಕೆಂದು ಚೀಟಿಯನ್ನು ನಷ್ಟಕ್ಕೆ ಕೂಗಿ ಎತ್ತಬಹುದೇ ಎಂದು ಅವರು ಕೇಳಿದರು. ಹೋಗದಿದ್ದರೆ ಮುಂದೆ ಪರದೇಶದ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕುವುದಿಲ್ಲವೆಂದು ಮಗಳಿಗೆ ಯಾರೋ ಹೇಳಿದ್ದರಂತೆ. ಅವರಿಗೆ ಹೇಳಿದ್ದನ್ನೇ ಎಲ್ಲರಿಗೂ ಹೇಳುತ್ತೇವೆ. ಹಣ ಕೊಟ್ಟವರಿಗೆಲ್ಲ ದೊರೆಯುವ ಪ್ರಮಾಣಪತ್ರ ಕೊಟ್ಟ ಹಣಕ್ಕೆ ರಸೀದಿಯೇ ಹೊರತು ಯೋಗ್ಯತೆಗೆ ಸಾಕ್ಷಿಯಲ್ಲ. ನಾವು ಬಲ್ಲಷ್ಟು ಇದನ್ನು ವಿಶ್ವವಿದ್ಯಾಲಯದವರೂ ಬಲ್ಲರು. ಚೀಟಿ ಎತ್ತುವುದಾದರೆ ಅದು ಮಗಳ ಮುಂದಿನ ಓದಿಗಿರಲಿ.

ಹಾಗಾದರೆ ತರುಣರು ಪರದೇಶವನ್ನು ನೋಡಲೇಬಾರದೆ? ಅಂಥ ಮಾತನ್ನು ನಾವು ಆಡುವುದಿಲ್ಲ. ದೇಶ ಸುತ್ತಬೇಕು, ಕೋಶ ಓದಬೇಕು ಎಂದವರು ನಮ್ಮ ಹಿರಿಯರು. ತಗಡಿನ ಪೆಟ್ಟಿಗೆಯೊಂದನ್ನು ಹಿಡಿದು, ಒಂದು ಮಾತು ಹಿಂದಿ ಬಾರದೆ ಈ ಊರಿಗೆ ಬಂದಿಳಿದವರ ಸಮಾಜ ನಮ್ಮದು. ಊರು ಬಿಟ್ಟು ಹೋಗುವುದರಿಂದ ಮನುಷ್ಯನ ಕಣ್ಣು ತೆರೆಯುತ್ತದೆಂಬುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಶಕ್ತಿಯಿದ್ದವರು ಮಕ್ಕಳನ್ನು ಧಾರಾಳವಾಗಿ ಪ್ರವಾಸಕ್ಕೆ ಕಳಿಸಲಿ, ಆದರೆ ಅದನ್ನು ಪ್ರವಾಸವೆಂದೇ ಕರೆಯಲಿ. ಪ್ರವಾಸಿಯು ಕಲಿಯಲು ಹೋಗುತ್ತಾನೆ, ಊಟಕ್ಕೆ ಬೆಲೆ ಕೊಡುತ್ತಾನೆ, ಯಾರನ್ನೂ ಉದ್ಧರಿಸಿದೆನೆಂದು ಹೇಳಿಕೊಳ್ಳುವುದಿಲ್ಲ. ಅದು ಗೌರವದ ಸಂಗತಿ.

ನಿಜವಾದ ಸೇವೆಗೆ ಹೋಗಬೇಕೆನ್ನುವವರಿಗೂ ಮಾರ್ಗಗಳಿವೆ. ವಿಶ್ವಸಂಸ್ಥೆಯು ೧೯೭೦ರಲ್ಲಿ ಸ್ಥಾಪಿಸಿದ ಸ್ವಯಂಸೇವಕ ವಿಭಾಗವು ತಾನು ಆರಿಸಿದವರಿಗೆ ಜೀವನಭತ್ಯೆಯನ್ನು ಕೊಡುತ್ತದೆ. ಅವರಿಂದ ಶುಲ್ಕ ಪಡೆಯುವುದಿಲ್ಲ. ಸೆರೆಸೋಲರ ಸಂಸ್ಥೆಯ ಭಾರತ ಶಾಖೆಯೂ ಇದೆ; ಅದರ ಶ್ರಮಶಿಬಿರಗಳಲ್ಲಿ ಊಟ ವಸತಿಗಳನ್ನು ಶಿಬಿರ ನಡೆಸುವವರೇ ನೋಡಿಕೊಳ್ಳುವುದು ರೂಢಿ. ಯುದ್ಧಾನಂತರ ೧೯೪೮ರಲ್ಲಿ ಯೂರೋಪಿನ ವಿದ್ಯಾರ್ಥಿಗಳು ಕಟ್ಟಿದ ಐಸೆಕ್ ಸಂಸ್ಥೆಯ ಮೂಲಕ ಆರರಿಂದ ಎಂಟು ವಾರಗಳ ಮಟ್ಟಿಗೆ ಹೋಗುವವರಿದ್ದಾರೆ. ಅಲ್ಲಿ ಶುಲ್ಕವುಂಟು, ಆದಕಾರಣ ಪ್ರತಿಯೊಂದು ಕಾರ್ಯಕ್ರಮವನ್ನೂ ಪ್ರತ್ಯೇಕವಾಗಿ ವಿಚಾರಿಸಿ ನೋಡಬೇಕು. ಎನ್.ಸಿ.ಸಿ.ಯ ಯುವ ವಿನಿಮಯದಲ್ಲಿ ಆಯ್ಕೆಯಾದ ಕೆಡೆಟ್ಟುಗಳು ಸರಕಾರದ ವತಿಯಿಂದ ಪರದೇಶಕ್ಕೆ ಹೋಗುತ್ತಾರೆ. ಪ್ರತಿ ಜನವರಿಯಲ್ಲಿ ದಿಲ್ಲಿ ದಂಡುಪ್ರದೇಶದ ಗಣರಾಜ್ಯೋತ್ಸವ ಶಿಬಿರಕ್ಕೆ ಹೊರದೇಶಗಳ ಕೆಡೆಟ್ಟುಗಳು ಬರುವುದೂ ಅದೇ ವಿನಿಮಯದ ಅಂಗ. ಇವುಗಳಲ್ಲಿ ಸ್ಪರ್ಧೆಯಿದೆ, ಆಯ್ಕೆಯಿದೆ, ಕಾಯುವಿಕೆಯಿದೆ. ಯೋಗ್ಯತೆಯನ್ನು ನೋಡಿ ಆರಿಸುವ ಕಡೆ ಇವು ಇದ್ದೇ ಇರುತ್ತವೆ.

ಯಾವ ಕಾರ್ಯಕ್ರಮವೇ ಆಗಲಿ, ಹಣ ಕಟ್ಟುವ ಮೊದಲು ತಂದೆತಾಯಂದಿರು ಕೆಲವು ಪ್ರಶ್ನೆಗಳನ್ನು ಕೇಳಿ ಬರಹದಲ್ಲಿ ಉತ್ತರ ಪಡೆಯತಕ್ಕದ್ದು. ನಮ್ಮ ಮಗುವನ್ನು ಕರೆದವರು ಆ ಊರಿನವರೋ, ಅಥವಾ ನಡುವಣ ಸಂಸ್ಥೆಯೋ? ಈ ಕೆಲಸವನ್ನು ಅಲ್ಲಿಯ ಬಡಗಿ, ಗಾರೆಯವ, ಶಿಕ್ಷಕ ಕೂಲಿಗೆ ಮಾಡಬಹುದಾಗಿತ್ತೆ? ಶುಲ್ಕದಲ್ಲಿ ಎಷ್ಟು ಪಾಲು ಆ ಊರಿಗೆ ಸೇರುತ್ತದೆ? ಯಾವ ವೀಸಾ? ಕಾಯಿಲೆ ಬಿದ್ದರೆ ಹೊಣೆ ಯಾರದು? ಹೋಗಲಾಗದಿದ್ದರೆ ಹಣ ಹಿಂದಿರುಗುವುದೇ? ಮಕ್ಕಳ ನಡುವೆ ಕೆಲಸವಾದರೆ ನಮ್ಮ ಮಗುವಿನ ನಡತೆಯನ್ನು ಕುರಿತು ಅವರು ವಿಚಾರಣೆ ಮಾಡಿದ್ದಾರೆಯೆ? ವಿಚಾರಣೆಯಿಲ್ಲದೆ ಯಾರನ್ನಾದರೂ ಮಕ್ಕಳ ಬಳಿಗೆ ಬಿಡುವವರು ಮಕ್ಕಳ ಹಿತೈಷಿಗಳಲ್ಲ.

ಕೊನೆಯದಾಗಿ ಒಂದು ಮಾತು. ನಮ್ಮ ರಾಷ್ಟ್ರೀಯ ಸೇವಾ ಯೋಜನೆಯನ್ನು ೧೯೬೯ರ ಸೆಪ್ಟೆಂಬರ್ ೨೪ರಂದು, ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷದಲ್ಲಿ, ೩೭ ವಿಶ್ವವಿದ್ಯಾಲಯಗಳಲ್ಲಿ ಆರಂಭಿಸಿದವರು ಆಗಿನ ಕೇಂದ್ರ ಶಿಕ್ಷಣ ಸಚಿವರಾಗಿದ್ದ ಡಾಕ್ಟರ್ ವಿ.ಕೆ.ಆರ್.ವಿ. ರಾವ್ ಅವರು. ದಿಲ್ಲಿ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಅವರು ಬಳ್ಳಾರಿಯಿಂದ ಲೋಕಸಭೆಗೆ ಆರಿಸಿಬಂದವರು. ದಿಲ್ಲಿಗೂ ಕರ್ನಾಟಕಕ್ಕೂ ಅವರು ಸೇರಿದವರೆಂದು ನಾವು ಹೆಮ್ಮೆಪಡುತ್ತೇವೆ. ಆ ಯೋಜನೆಯಲ್ಲಿ ವಿದ್ಯಾರ್ಥಿಯು ಎರಡು ವರ್ಷಗಳಲ್ಲಿ ೨೪೦ ಗಂಟೆಗಳ ಸೇವೆ ಮಾಡಬೇಕು. ಏಳು ದಿನಗಳ ಶಿಬಿರದಲ್ಲಿ ಭಾಗವಹಿಸಬೇಕು. ಶುಲ್ಕದ ಮಾತಿಲ್ಲ. ೨೦೨೩ರ ಜುಲೈಯಲ್ಲಿ ಯಮುನೆಯು ೨೦೮.೬೬ ಮೀಟರಿನವರೆಗೆ ಏರಿ, ನಮ್ಮವರು ಅನೇಕರು ವಾಸಿಸುವ ಮಯೂರ ವಿಹಾರದ ರಸ್ತೆಬದಿಯಲ್ಲಿಯೇ ನಿರಾಶ್ರಿತರು ಡೇರೆ ಹೂಡಿದಾಗ, ಸೇವೆಗೆ ವಿಮಾನ ಹತ್ತಬೇಕಾಗಿರಲಿಲ್ಲ.

ನಮ್ಮ ಮಕ್ಕಳಲ್ಲದೆ ಬೇರೆ ಯಾರೂ ಮಾಡಲಾಗದ ಸೇವೆಯೂ ಈ ಊರಿನಲ್ಲಿದೆ. ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಬಾಗಿಲಿಗೆ ಕರ್ನಾಟಕದ ದೂರದ ಜಿಲ್ಲೆಗಳಿಂದಲೂ ರೋಗಿಗಳು ಬರುತ್ತಾರೆ. ಹಿಂದಿ ಅರಿಯದವರು ಚೀಟಿ ಎಲ್ಲಿ ಬರೆಸಬೇಕು, ಯಾವ ಸಾಲಿನಲ್ಲಿ ನಿಲ್ಲಬೇಕು, ವೈದ್ಯರು ಏನು ಹೇಳಿದರು ಎಂಬುದನ್ನು ತಿಳಿಯದೆ ಕಂಗಾಲಾಗುತ್ತಾರೆ. ಕನ್ನಡ, ಹಿಂದಿ, ಇಂಗ್ಲಿಷ್ ಮೂರನ್ನೂ ಬಲ್ಲ ತರುಣ ತರುಣಿಯರು ಈ ನಗರದಲ್ಲಿ ನಮ್ಮ ಮನೆಗಳಲ್ಲಿಯೇ ಇದ್ದಾರೆ. ವಾರಕ್ಕೊಂದು ಬೆಳಗ್ಗೆ ಅಲ್ಲಿ ನಿಂತು ಒಬ್ಬ ರೋಗಿಗೆ ನಾಲಗೆಯಾದರೆ, ಆ ದಿನ ಅವರು ಬಾರದಿದ್ದಾಗ ಹುಡುಕುವವರಿರುತ್ತಾರೆ. ಬಾರದಿದ್ದರೆ ಕೊರತೆಯಾಗುವಂತಿರಬೇಕು, ಸೇವೆಗೆ ಅದೇ ಒರೆಗಲ್ಲು.

ಆದುದರಿಂದ ದಿಲ್ಲಿ ಕರ್ನಾಟಕ ಸಂಘವೂ ಇಲ್ಲಿಯ ಇತರ ಕನ್ನಡ ಸಂಘಗಳೂ ಸೇರಿ ಎರಡು ಕೆಲಸಗಳನ್ನು ಕೈಗೊಳ್ಳಬೇಕೆಂದು ಸೂಚಿಸುತ್ತೇವೆ. ಸರಕಾರದ ಸೇವೆಯಿಂದ ನಿವೃತ್ತರಾದ, ಪರದೇಶದ ವ್ಯವಹಾರ ಬಲ್ಲ ಹಿರಿಯರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅವರಲ್ಲಿ ಮೂವರ ಸಮಿತಿಯೊಂದು ಇಂಥ ಆಮಂತ್ರಣಗಳನ್ನು ಓದಿ ನೋಡಿ ತಂದೆತಾಯಂದಿರಿಗೆ ಸಲಹೆ ಕೊಡಲಿ. ಎರಡನೆಯದಾಗಿ, ಆಸ್ಪತ್ರೆಯ ಸಹಾಯದಳವೊಂದು ಏರ್ಪಡಲಿ. ಅದರಲ್ಲಿ ಒಂದು ವರ್ಷ ತಪ್ಪದೆ ದುಡಿದ ವಿದ್ಯಾರ್ಥಿಗಳಲ್ಲಿ ಯೋಗ್ಯರಾದ ಒಬ್ಬರಿಗೆ, ಶುಲ್ಕವಿಲ್ಲದ ಮಾರ್ಗದಲ್ಲಿ ಪರದೇಶದ ಸೇವೆಗೆ ಆಯ್ಕೆಯಾದರೆ, ಪ್ರಯಾಣದ ವೆಚ್ಚವನ್ನು ಸಮಾಜ ಭರಿಸಲಿ. ಹೋಟೆಲಿನವರು ಮನಸ್ಸು ಮಾಡಿದರೆ ಅದು ದೊಡ್ಡ ಮೊತ್ತವಲ್ಲ. ಹಾಗೆ ಹೋದವರು ಅಡುಗೆಮನೆಯ ಕೆಲಸ ಬಲ್ಲವರಾಗಿ ಹೋಗುತ್ತಾರೆ. ಅವರನ್ನು ಕಂಡು ಅಲ್ಲಿಯ ಭಟ್ಟರು ನಗುವುದಿಲ್ಲ.